ಅರ್ಜಿಯಲ್ಲಿ ನಮ್ಮ ಮನೆಯೂ ಕಾಣಲಿ

ಪ್ಲಸ್ ಟು ಫಲಿತಾಂಶ ಬಂದ ಕೂಡಲೇ ಬತ್ತೇರಿ, ಮಾನಂದವಾಡಿ, ಕಲ್ಪೆಟ್ಟದ ಅಕ್ಷಯ ಕೇಂದ್ರಗಳ ಮುಂದೆ ಸಾಲು ಬೆಳೆಯುತ್ತದೆ. ನಮ್ಮ ಕನ್ನಡ ಮನೆಗಳ ಮಕ್ಕಳೂ ಆ ಸಾಲಿನಲ್ಲಿರುತ್ತಾರೆ. ಕೈಯಲ್ಲಿ ಫೈಲು, ಫೈಲಿನ ತುಂಬ ಕ್ವಿಜ್, ಕ್ರೀಡೆ, ಕಂಪ್ಯೂಟರ್ ಕ್ಲಾಸಿನ ಸರ್ಟಿಫಿಕೇಟುಗಳು. ‘ಇಷ್ಟೆಲ್ಲ ಹಾಕಿದ್ರೆ ಸೀಟು ಸಿಗುತ್ತೆ ಅಲ್ವಾ?’ ಎಂದು ಕೇಳುವ ಹೆತ್ತವರಿಗೆ ಮೊದಲು ಒಂದು ಮಾತು ಸ್ಪಷ್ಟವಾಗಬೇಕು.

ಜಿಲ್ಲೆಯ ಪದವಿ ಕಾಲೇಜುಗಳಲ್ಲಿ ಮಾನಂದವಾಡಿ ತಾಲ್ಲೂಕಿನವು ಕಣ್ಣೂರು ವಿಶ್ವವಿದ್ಯಾಲಯಕ್ಕೆ, ಉಳಿದವು ಕ್ಯಾಲಿಕಟ್ ವಿಶ್ವವಿದ್ಯಾಲಯಕ್ಕೆ ಸೇರಿವೆ. ಎರಡರಲ್ಲೂ ಮೆರಿಟ್ ಸೀಟು ಏಕಗವಾಕ್ಷಿ ಅಲಾಟ್‌ಮೆಂಟ್ ಮೂಲಕ. ಅಂಕ, ಮೀಸಲಾತಿ, ಎನ್‌ಸಿಸಿ-ಎನ್‌ಎಸ್‌ಎಸ್‌ನಂಥ ನಿಗದಿತ ವೇಯ್ಟೇಜ್ ಬಿಟ್ಟರೆ ಅಲ್ಲಿ ಬೇರೇನೂ ನಡೆಯೋದಿಲ್ಲ. ಕಲರ್ ಬಯೋಡೇಟಾಗೆ ಸುರಿದ ದುಡ್ಡು ದಂಡ. ಯಾವ ಕಾಲೇಜು ಮೊದಲು, ಯಾವುದು ಆಮೇಲೆ ಅನ್ನೋ ಆಯ್ಕೆಯ ಕ್ರಮವನ್ನು ಸರಿಯಾಗಿ ತುಂಬಿದರೆ ಸಾಕು.

ಮಾತು ಬೇರೆಯಾಗುವುದು ಅರ್ಜಿದಾರರ ಬಗ್ಗೆಯೇ ಕೇಳುವ ಕಡೆ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಪರೀಕ್ಷೆಯ ಜತೆ ಸಂದರ್ಶನವಿದೆ, ಮನೆಯ ಆದಾಯ ನೋಡಿ ಶುಲ್ಕದಲ್ಲಿ ನೆರವೂ ಇದೆ. ಬ್ರಿಟನ್ನಿನ ವಿಶ್ವವಿದ್ಯಾಲಯಗಳ ಅರ್ಜಿಯಲ್ಲಿ 2026ರ ಪ್ರವೇಶದಿಂದ ಉದ್ದನೆಯ ಪ್ರಬಂಧದ ಬದಲು ಮೂರು ನೇರ ಪ್ರಶ್ನೆ ಬಂದಿವೆ: ಈ ವಿಷಯ ಯಾಕೆ, ಓದು ನಿಮ್ಮನ್ನು ಹೇಗೆ ತಯಾರು ಮಾಡಿದೆ, ಓದಿನ ಹೊರಗೆ ಏನು ಮಾಡಿದ್ದೀರಿ?

ಇಂಥ ಕಡೆಗೂ ನಮ್ಮ ಮಕ್ಕಳು ಬರೆಯೋದು ‘ಬಾಲ್ಯದಿಂದಲೂ ಸಮಾಜಸೇವೆ ನನ್ನ ಕನಸು’ ಅಂತ. ಮೊದಲು ಡಿಟಿಪಿ ಅಂಗಡಿಯವರು ಬರೆದುಕೊಡುತ್ತಿದ್ದರು, ಈಗ ಮೊಬೈಲೇ ಬರೆದುಕೊಡುತ್ತದೆ. ಸಾವಿರ ಅರ್ಜಿಯಲ್ಲೂ ಅದೇ ಸಾಲು.

ಆದರೆ ಇದೇ ಮಕ್ಕಳು ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮಲಯಾಳಂ, ಪುಸ್ತಕದಲ್ಲಿ ಇಂಗ್ಲಿಷ್ ಎಂದು ಬೆಳೆದವರು. ಆಸ್ಪತ್ರೆಯಲ್ಲಿ ಅಜ್ಜಿಯ ನೋವನ್ನು ಡಾಕ್ಟರಿಗೆ, ಡಾಕ್ಟರ ಮಾತನ್ನು ಅಜ್ಜಿಗೆ ದಾಟಿಸಿದವರು. ಅಪ್ಪ ಶುಂಠಿ ಬೆಳೆಯಲು ಗುಂಡ್ಲುಪೇಟೆ, ಎಚ್.ಡಿ. ಕೋಟೆ ಕಡೆ ಜಮೀನು ಗುತ್ತಿಗೆ ಹಿಡಿದಾಗ ಆಳುಗಳ ಕೂಲಿ ಲೆಕ್ಕ ಇಟ್ಟವರು. 2009ರಿಂದ ಬಂಡೀಪುರದ ಹೆದ್ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುವಾಗ ಅಪ್ಪನ ದಾರಿ ಕಾದವರು. ಇದನ್ನೆಲ್ಲ ‘ಅದೇನು ಬರೆಯೋದು, ನಾಚಿಕೆ’ ಎಂದು ಮುಚ್ಚಿಡುತ್ತಾರೆ.

ಕಾಮರ್ಸ್ ಕೇಳುವ ಹುಡುಗ ಆ ಕೂಲಿ ಲೆಕ್ಕದ ಬಗ್ಗೆ ಬರೆಯಲಿ: ಎಷ್ಟು ಆಳು, ಮುಂಗಡ ಎಲ್ಲಿ ತಪ್ಪಿತು, ಹೇಗೆ ತಾಳೆಯಾಯಿತು. ಪುಲ್ಪಳ್ಳಿ ಕಡೆ ಸೊರಗು ರೋಗಕ್ಕೆ ಕರಿಮೆಣಸಿನ ಬಳ್ಳಿ ಒಣಗಿದ್ದನ್ನು ಕಂಡು ಬಾಟನಿ ಕೇಳುವ ಹುಡುಗಿ, ಕೃಷಿಭವನಕ್ಕೆ ಹೋಗಿ ಏನು ಕೇಳಿದಳು, ಯಾವ ಉತ್ತರ ಸಿಗಲಿಲ್ಲ ಅಂತ ಬರೆಯಲಿ. ಹತ್ತು ಸಾಲು ಸಾಕು. ವೋಚರ್ ಇಲ್ಲದ ಖರ್ಚು ಆಡಿಟಿನಲ್ಲಿ ನಿಲ್ಲೋದಿಲ್ಲ, ಸಂದರ್ಶನದ ಎರಡನೇ ಪ್ರಶ್ನೆಗೆ ಎರವಲು ಸಾಲೂ ನಿಲ್ಲೋದಿಲ್ಲ.

ಇನ್ನೊಂದು ಮಾತು, ಸ್ವಲ್ಪ ಕಠಿಣವಾಗಿಯೇ ಹೇಳಬೇಕು. 2024ರ ಜುಲೈ 30ರ ಮುಂಡಕ್ಕೈ-ಚೂರಲ್‌ಮಲ ಭೂಕುಸಿತದ ನಂತರ ವಯನಾಡು ಎಂದರೆ ಹೊರಗಿನವರಿಗೆ ಅದೇ ನೆನಪು. ಅರ್ಜಿಯಲ್ಲಿ ಅದನ್ನು ಸೇರಿಸಿದರೆ ಮನಸ್ಸು ಕರಗುತ್ತದೆ ಎಂದು ಸಲಹೆ ಕೊಡುವವರು ಇರಬಹುದು. ಕಳೆದುಕೊಂಡವರು ಬರೆಯುವುದು, ಬಿಡುವುದು ಅವರ ಹಕ್ಕು. ಮೇಪ್ಪಾಡಿಯ ಶಿಬಿರದಲ್ಲಿ ಬಟ್ಟೆ ವಿಂಗಡಿಸಿದವರು ಬಟ್ಟೆ ವಿಂಗಡಿಸಿದೆ ಅಂತಲೇ ಬರೆಯಲಿ. ಟೀವಿಯಲ್ಲಿ ನೋಡಿದವರು ಆ ಊರಿನ ಹೆಸರನ್ನು ಬಿಟ್ಟುಬಿಡಲಿ.

ಬರೆದಾದ ಮೇಲೆ ಕಳಿಸುವ ಮೊದಲು ಒಂದು ಸಲ ಅಮ್ಮನನ್ನು ಕೂರಿಸಿಕೊಂಡು ಕನ್ನಡದಲ್ಲಿ ಹೇಳಿ ನೋಡಿ. ‘ಇದ್ಯಾವಾಗ ಮಾಡಿದ್ದೆ ನೀನು?’ ಅಂತ ಅವರು ಕೇಳಿದ ಸಾಲನ್ನು ಅಲ್ಲೇ ಹೊಡೆದುಹಾಕಿ.