ಮದ್ದಿನಲ್ಲಿಯೂ ಅವಧಾನವಿರಲಿ



ಷಟ್‌ಸ್ಥಲಗಳಲ್ಲಿ ಮೂರನೆಯದು ಪ್ರಸಾದಿಸ್ಥಲ. ಆ ಸ್ಥಲದ ಭಕ್ತಿಯನ್ನು ನಮ್ಮ ಹಿರಿಯರು ಅವಧಾನಭಕ್ತಿಯೆಂದು ಕರೆದರು. ತನಗೆ ಬಂದುದನ್ನು ಲಿಂಗಕ್ಕೆ ಅರ್ಪಿಸಿ, ಎಚ್ಚರದಿಂದ ಸ್ವೀಕರಿಸುವವನೇ ಪ್ರಸಾದಿ. ಊಟದಲ್ಲಿ ನಾವು ಪಾಲಿಸುವ ಈ ಎಚ್ಚರವನ್ನು ಔಷಧದಲ್ಲಿ ಮರೆಯುವುದುಂಟು. ಕ್ಯಾನ್ಸರ್ ರೋಗಿಗಳಿರುವ ಮನೆಗಳಲ್ಲಿ ಆ ಮರೆವು ಅಪಾಯಕ್ಕೆ ದಾರಿಯಾದೀತು. ಆದುದರಿಂದ ಈ ತಿಂಗಳು ಅದನ್ನೇ ಕುರಿತು ನಾಲ್ಕು ಮಾತು.

ಮನೆಯಲ್ಲೊಬ್ಬರಿಗೆ ಕ್ಯಾನ್ಸರ್ ಎಂದು ತಿಳಿದೊಡನೆ ಬಂಧುಗಳು ನೋಡಲು ಬರುತ್ತಾರೆ. ರೋಗಿಯನ್ನು ಕಾಣಲು ಬರಿಗೈಯಲ್ಲಿ ಹೋಗುವುದು ನಮ್ಮ ಪದ್ಧತಿಯಲ್ಲ. ಹಣ್ಣು, ಎಳನೀರಿನ ಜೊತೆಗೆ ಈಗ ವಿಟಮಿನ್ ಸಿ, ವಿಟಮಿನ್ ಇ, ಬೀಟಾ ಕ್ಯಾರೋಟೀನ್, ಸೆಲೆನಿಯಂ ಮಾತ್ರೆಗಳ ಡಬ್ಬಿಗಳೂ ಬರುತ್ತವೆ. "ವಿಟಮಿನ್ ತಾನೇ, ಶಕ್ತಿ ಬರುತ್ತದೆ, ಇದನ್ನು ಡಾಕ್ಟರಿಗೆ ಹೇಳುವುದೇನಿದೆ?" ಎಂಬ ಮಾತೂ ಬರುತ್ತದೆ. ತಂದವರ ಪ್ರೀತಿ ನಿಜವಾದುದು. ಆದರೆ ಪ್ರೀತಿಯಿಂದ ಕೊಟ್ಟ ಮಾತ್ರಕ್ಕೆ ಮದ್ದು ನಿರಪಾಯವಾಗುವುದಿಲ್ಲ.

ಈ ಮಾತ್ರೆಗಳನ್ನು ಉತ್ಕರ್ಷಣ ನಿರೋಧಕಗಳು, ಅಂದರೆ ಆಂಟಿಆಕ್ಸಿಡೆಂಟ್‌ಗಳು ಎನ್ನುತ್ತಾರೆ. ದೇಹದಲ್ಲಿ ಆಮ್ಲಜನಕದಿಂದ ಹುಟ್ಟುವ ಕೆಲವು ಉಗ್ರಕಣಗಳು ಜೀವಕೋಶಗಳನ್ನು ಘಾಸಿಗೊಳಿಸುತ್ತವೆ. ಆ ಕಣಗಳನ್ನು ಶಮನಗೊಳಿಸುವುದು ಇವುಗಳ ಗುಣ. ಆರೋಗ್ಯವಂತರಲ್ಲಿ ಇದು ಒಳ್ಳೆಯದೆಂದೇ ತೋರುತ್ತದೆ. ಆದರೆ ವಿಕಿರಣ ಚಿಕಿತ್ಸೆಯೂ, ಡಾಕ್ಸೊರುಬಿಸಿನ್, ಸಿಸ್‌ಪ್ಲಾಟಿನ್‌ನಂತಹ ಔಷಧಗಳೂ ಕ್ಯಾನ್ಸರ್ ಕೋಶವನ್ನು ಕೊಲ್ಲುವುದು ಅಂಶತಃ ಅಂತಹ ಉಗ್ರಕಣಗಳ ಮೂಲಕವೇ. ಒಂದು ಕಡೆ ವೈದ್ಯರು ಬೆಂಕಿ ಹಚ್ಚುತ್ತಿರುವಾಗ ಇನ್ನೊಂದು ಕಡೆ ನಾವು ನೀರೆರಚಿದಂತಾಗಬಹುದೆಂಬುದೇ ತಜ್ಞರ ಆತಂಕ. ಕವಚವು ಮನೆಯವರಿಗೂ ರಕ್ಷೆ, ಮನೆ ಹೊಕ್ಕ ಕಳ್ಳನಿಗೂ ರಕ್ಷೆ.

ಈ ಆತಂಕಕ್ಕೆ ಆಧಾರವಿದೆ. ಫಿನ್‌ಲ್ಯಾಂಡಿನಲ್ಲಿ ಧೂಮಪಾನಿಗಳಾದ 29,133 ಪುರುಷರ ಮೇಲೆ ನಡೆದ ಪ್ರಯೋಗದ ಫಲಿತಾಂಶ 1994ರಲ್ಲಿ ಹೊರಬಂದಿತು. ಶ್ವಾಸಕೋಶದ ಕ್ಯಾನ್ಸರನ್ನು ತಡೆಯಲೆಂದು ಕೊಟ್ಟ ಬೀಟಾ ಕ್ಯಾರೋಟೀನ್ ಸೇವಿಸಿದವರಲ್ಲಿ ಆ ರೋಗ ಶೇಕಡಾ 18ರಷ್ಟು ಹೆಚ್ಚಾಗಿ ಕಂಡಿತು. ಅದು ರೋಗ ಬಾರದಂತೆ ಮಾಡಿದ ಪ್ರಯತ್ನ. ಚಿಕಿತ್ಸೆಯ ಕಾಲದ ಅನುಭವವೂ ಇದೆ. ಕೆನಡಾದ ಕ್ವೆಬೆಕ್ ಪ್ರಾಂತದಲ್ಲಿ ತಲೆ ಮತ್ತು ಕುತ್ತಿಗೆ ಭಾಗದ ಕ್ಯಾನ್ಸರಿಗೆ ವಿಕಿರಣ ಪಡೆಯುತ್ತಿದ್ದ 540 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಇಂತಹ ವಿಟಮಿನ್‌ಗಳನ್ನು ಕೊಟ್ಟರು. 2005ರಲ್ಲಿ ಪ್ರಕಟವಾದ ಫಲಿತಾಂಶದಂತೆ ಚಿಕಿತ್ಸೆಯ ಉಪದ್ರವಗಳು ತಗ್ಗಿದವು. ಆದರೆ ರೋಗ ಮರುಕಳಿಸುವುದೂ ಹೆಚ್ಚುವ ಸೂಚನೆ ಕಂಡಿತು. ಅಮೆರಿಕದ 1,134 ಸ್ತನ ಕ್ಯಾನ್ಸರ್ ರೋಗಿಗಳನ್ನು ಕುರಿತ 2020ರ ಅಧ್ಯಯನದಲ್ಲಿಯೂ, ಕಿಮೊಥೆರಪಿಗೆ ಮುಂಚೆ ಮತ್ತು ಅದರ ನಡುವೆ ಇವುಗಳನ್ನು ಸೇವಿಸಿದವರಲ್ಲಿ ಅದೇ ಬಗೆಯ ಒಲವು ತೋರಿತು. ಇವು ಕಡೆಯ ತೀರ್ಪುಗಳಲ್ಲ. ಆದರೂ ಎಚ್ಚರಕ್ಕೆ ಸಾಕು.

ಹಾಗೆಂದು ವಿಟಮಿನ್‌ಗಳೆಲ್ಲವೂ ಶತ್ರುಗಳೆಂದು ಭಾವಿಸಬಾರದು. ಫೋಲಿಕ್ ಆಮ್ಲದ ನಿದರ್ಶನ ನೋಡಿ. ಇದು ಬೇರೆ ಬಗೆಯ ವಿಟಮಿನ್. ಮೆಥೊಟ್ರೆಕ್ಸೇಟ್ ಎಂಬ ಔಷಧವು ಈ ಫೋಲಿಕ್ ಆಮ್ಲದ ಕೆಲಸವನ್ನು ತಡೆದೇ ಕ್ಯಾನ್ಸರ್ ಕೋಶವನ್ನು ಸೊರಗಿಸುತ್ತದೆ. ಅದನ್ನು ಪಡೆಯುವ ಕ್ಯಾನ್ಸರ್ ರೋಗಿ ತಾನಾಗಿ ಫೋಲಿಕ್ ಮಾತ್ರೆ ನುಂಗಿದರೆ ಮದ್ದಿನ ಬಲ ಕುಂದೀತು. ಆದರೆ ಶ್ವಾಸಕೋಶದ ಕ್ಯಾನ್ಸರಿಗೆ ಬಳಸುವ ಪೆಮೆಟ್ರೆಕ್ಸೆಡ್ ಕೊಡುವಾಗ, ಅದರ ವಿಷಗುಣ ತಗ್ಗಲೆಂದು, ವೈದ್ಯರೇ ಫೋಲಿಕ್ ಆಮ್ಲವನ್ನೂ ಬಿ12 ಚುಚ್ಚುಮದ್ದನ್ನೂ ಮುಂಚಿತವಾಗಿ ಆರಂಭಿಸುತ್ತಾರೆ. ಒಂದೇ ವಿಟಮಿನ್, ಒಬ್ಬರಿಗೆ ತೊಡಕು, ಇನ್ನೊಬ್ಬರಿಗೆ ಅವಶ್ಯ. ಯಾರಿಗೆ ಯಾವುದೆಂದು ನಿರ್ಣಯಿಸುವವರು ನೆರೆಮನೆಯವರಲ್ಲ, ಔಷಧದಂಗಡಿಯವರಲ್ಲ. ಚಿಕಿತ್ಸೆ ನೀಡುತ್ತಿರುವ ವೈದ್ಯರು.

ಆದುದರಿಂದ ರೋಗಿಯ ಶುಶ್ರೂಷೆಗೆ ನಿಂತ ಮಗನಾಗಲಿ, ಸೊಸೆಯಾಗಲಿ ಕೆಲವು ನೇಮಗಳನ್ನು ಪಾಲಿಸಬೇಕು. ಮನೆಯಲ್ಲಿರುವ ಮಾತ್ರೆ, ಪುಡಿ, ಲೇಹ್ಯ, ಕಷಾಯ ಎಲ್ಲವನ್ನೂ ಒಂದು ಚೀಲದಲ್ಲಿಟ್ಟುಕೊಂಡು ಆಸ್ಪತ್ರೆಗೆ ಒಯ್ಯಿರಿ. ಹೆಸರು ಹೇಳಲು ಬಾರದಿದ್ದರೆ ಡಬ್ಬಿಯನ್ನೇ ತೋರಿಸಿರಿ. ವೈದ್ಯರೇ ಬರೆದುಕೊಟ್ಟ ಕಬ್ಬಿಣಾಂಶದ ಅಥವಾ ವಿಟಮಿನ್ ಮಾತ್ರೆಯನ್ನು ಈ ಲೇಖನ ಓದಿ ನಿಲ್ಲಿಸಬೇಡಿ, ಕೇಳಿ ಮುಂದುವರಿಯಿರಿ. ನಿತ್ಯದ ಊಟಕ್ಕೆ ಭಯಪಡಬೇಕಾಗಿಲ್ಲ. ರೊಟ್ಟಿ, ಬೇಳೆ, ಸೊಪ್ಪು, ವೈದ್ಯರು ಬೇಡವೆನ್ನದ ಹಣ್ಣು ರೋಗಿಗೆ ಬೇಕೇ ಬೇಕು. ಇಲ್ಲಿ ಹೇಳಿದುದು ಊಟದ ಮಾತಲ್ಲ, ದೊಡ್ಡ ಪ್ರಮಾಣದ ಮಾತ್ರೆಗಳ ಮಾತು. ಅತಿಯಾದರೆ ಅಮೃತವೂ ವಿಷವೆಂಬ ಗಾದೆ ಸುಮ್ಮನೆ ಹುಟ್ಟಿದುದಲ್ಲ.

ಹನ್ನೆರಡನೆಯ ಶತಮಾನದ ಶರಣಗಣದಲ್ಲಿ ವೈದ್ಯ ಸಂಗಣ್ಣನವರೂ ಇದ್ದರು. ಚಿಕಿತ್ಸೆಯೂ ಒಂದು ಕಾಯಕವೆಂದು ನಮ್ಮ ಪರಂಪರೆ ಗೌರವಿಸಿದೆ. ವೈದ್ಯರಿಂದ ಮುಚ್ಚಿಡುವುದೆಂದರೆ ಅವರ ಕಾಯಕಕ್ಕೆ ಅಡ್ಡಿಯಾಗುವುದು. ರೋಗಿಯ ಪ್ರಾಣದೊಡನೆ ಜೂಜಾಡುವುದು. ಬಂಧುವನ್ನು ನೋಡಲು ಹೋಗುವಾಗ ಹಣ್ಣು ಒಯ್ಯಿರಿ, ಧೈರ್ಯದ ಮಾತು ಒಯ್ಯಿರಿ, ಆಸ್ಪತ್ರೆಯ ಖರ್ಚಿಗೆ ಕೈಲಾದಷ್ಟು ದಾಸೋಹ ಸಲ್ಲಿಸಿರಿ. ಮಾತ್ರೆಯ ಡಬ್ಬಿಯನ್ನು ಮಾತ್ರ ವೈದ್ಯರ ಅಪ್ಪಣೆಯಿಲ್ಲದೆ ಒಯ್ಯಬೇಡಿ.