ಗಣಕಯಂತ್ರದ ವೇಗ: ಅಳೆಯುವ ಕೋಲು ಯಾವುದು?

ಮಕ್ಕಳ ವ್ಯಾಸಂಗಕ್ಕಾಗಿ ಗಣಕಯಂತ್ರ ಕೊಳ್ಳಲು ವಿಜಾಪುರ ರಸ್ತೆಯಿಂದ ಪೇಟೆಗೆ ಹೊರಟ ಗೃಹಸ್ಥರ ಮುಂದೆ ಮೊದಲು ಬಂದು ನಿಲ್ಲುವುದು ಗಿಗಾಹರ್ಟ್ಸ್ ಎಂಬ ಅಂಕಿ. ಒಂದರಲ್ಲಿ 3, ಇನ್ನೊಂದರಲ್ಲಿ 4. ಹೆಚ್ಚಿನದೇ ಚುರುಕಿನದೆಂದು ನಂಬಿ ಹಣ ತೆತ್ತು ಬರುವವರೇ ಬಹಳ. ದುಡಿದ ಹಣದ ಪ್ರಶ್ನೆಯಾದುದರಿಂದ ಈ ನಂಬಿಕೆಯನ್ನು ಒರೆಗೆ ಹಚ್ಚಿ ನೋಡುವುದು ಉಚಿತ.

ಮಗ್ಗದ ಊರಿನವರಾದ ಸೋಲಾಪುರದ ವಾಚಕರಿಗೆ ಇದು ಕಠಿಣ ವಿಷಯವಲ್ಲ. ನಿಮಿಷಕ್ಕೆ ಎಷ್ಟು ಬಾರಿ ಲಾಳಿ ಓಡುತ್ತದೆ ಎಂಬುದೊಂದನ್ನೇ ಕೇಳಿ ಯಾರೂ ಮಗ್ಗ ಕೊಳ್ಳುವುದಿಲ್ಲ. ಬಟ್ಟೆಯ ಅಗಲವೆಷ್ಟು, ನೂಲು ಕಡಿದು ಎಷ್ಟು ಹೊತ್ತು ನಿಲ್ಲುತ್ತದೆ, ಸಂಜೆಗೆ ಎಷ್ಟು ಚಾದರ ಇಳಿಯುತ್ತವೆ ಎಂದು ವಿಚಾರಿಸುತ್ತಾರೆ. ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ ನೂರು ಕೋಟಿ ಮಿಡಿತ. ಒಂದು ಮಿಡಿತದಲ್ಲಿ ಸಾಗುವ ಕೆಲಸ ಯಂತ್ರದ ಒಳರಚನೆಗೆ ತಕ್ಕಂತೆ ಬೇರೆ. ಇಂಟೆಲ್ ಪರಂಪರೆಯ ಯಂತ್ರಕ್ಕೂ ಮೊಬೈಲಿನಲ್ಲಿರುವ ಆರ್ಮ್ ಪರಂಪರೆಯ ಯಂತ್ರಕ್ಕೂ ಆಜ್ಞೆಗಳ ಭಾಷೆಯೇ ಬೇರೆಯಾದುದರಿಂದ, ಆಜ್ಞೆಗಳನ್ನು ಎಣಿಸಿದರೂ ನ್ಯಾಯ ದೊರೆಯದು. ಒಂದೇ ಕೆಲಸವನ್ನು ಎರಡಕ್ಕೂ ಕೊಟ್ಟು, ಆರಂಭದಿಂದ ಮುಗಿಯುವವರೆಗಿನ ಹೊತ್ತನ್ನು ಅಳೆಯುವುದೇ ಸರಿಯಾದ ದಾರಿ.

ಮಳೆಯ ದಾರಿ ಕಾಯುವ ನಮ್ಮ ಸೀಮೆಗೆ ಸಂಬಂಧಿಸಿದ ಒಂದು ನಿದರ್ಶನವಿದೆ. 1980ರ ದಶಕದ ಕೊನೆಯಲ್ಲಿ ಹವಾಮಾನ ಮುನ್ಸೂಚನೆಗೆಂದು ದೆಹಲಿಗೆ ಅಮೇರಿಕೆಯ ಕ್ರೇ ಮಹಾಗಣಕ ಬಂದಿತು. ಸಂಖ್ಯೆಗಳ ಇಡೀ ಸಾಲನ್ನು ಒಂದೇ ಆಜ್ಞೆಯಿಂದ ನಡೆಸುವುದು ಅದರ ರೀತಿ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ 1986ರಲ್ಲಿ ಆರಂಭವಾದ ಫ್ಲೋಸಾಲ್ವರ್‌ನ ರೀತಿ ಬೇರೆ: ಹಲವು ಸಾಮಾನ್ಯ ಸಂಸ್ಕಾರಕಗಳು ಕೆಲಸವನ್ನು ಹಂಚಿಕೊಂಡು ಜೊತೆಯಾಗಿ ದುಡಿಯುವುದು. ಕ್ರೇ ಯಂತ್ರದಲ್ಲಿ ನಡೆಯುತ್ತಿದ್ದ ಟಿ-80 ಎಂಬ ಮುನ್ಸೂಚನೆಯ ಲೆಕ್ಕವನ್ನೇ 1990ರ ದಶಕದಲ್ಲಿ ಫ್ಲೋಸಾಲ್ವರ್ ಮೇಲೂ ನಡೆಸಲಾಯಿತು. ಹೋಲಿಕೆಗೆ ಇದಕ್ಕಿಂತ ಯೋಗ್ಯವಾದ ಕೆಲಸ ದೊರೆಯದು. ಆದರೆ ಒಂದು ತೊಡಕುಂಟು. ಕ್ರೇ ಯಂತ್ರ ದಶಾಂಶಗಳನ್ನು ಬರೆದಿಡುವ ಪದ್ಧತಿಯೇ ಪ್ರತ್ಯೇಕವಾಗಿದ್ದುದರಿಂದ ಕೊನೆಯ ಅಂಕಿಗಳು ಬೇರೆ ಯಂತ್ರದೊಡನೆ ಕೂಡುವುದಿಲ್ಲ. ಹವೆಯ ಲೆಕ್ಕದಲ್ಲಿ ಇಂಥ ಅಣುಮಾತ್ರ ಭೇದವೂ ದಿನಗಳೆದಂತೆ ಬೆಳೆಯುವುದೆಂದು ಲೊರೆಂಜ್ 1963ರಲ್ಲಿಯೇ ತೋರಿಸಿದ್ದರು. ಆದುದರಿಂದ ಎಷ್ಟು ಭೇದವನ್ನು ಒಂದೇ ಉತ್ತರವೆಂದು ಒಪ್ಪಬೇಕು ಎಂಬುದನ್ನು ವೇಗ ಅಳೆಯುವ ಮೊದಲೇ ಗೊತ್ತುಪಡಿಸಬೇಕಾಗುತ್ತದೆ.

ಫಲಿತಾಂಶವನ್ನು ಒಂದೇ ಅಂಕಿಗೆ ಇಳಿಸುವಾಗಲೂ ಎಚ್ಚರ ಬೇಕು. ಮೊದಲ ಯಂತ್ರ ಎರಡು ಕೆಲಸಗಳನ್ನು 10 ಮತ್ತು 40 ನಿಮಿಷಗಳಲ್ಲಿ, ಎರಡನೆಯದು ತಲಾ 20 ನಿಮಿಷಗಳಲ್ಲಿ ಮುಗಿಸಿತೆನ್ನೋಣ. ಮೊದಲನೆಯದನ್ನು ಮಾನವಾಗಿ ಹಿಡಿದರೆ ಎರಡನೆಯದಕ್ಕೆ ತಗಲುವ ಹೊತ್ತು 2 ಪಟ್ಟು ಮತ್ತು ಅರ್ಧ ಪಟ್ಟು. ಸರಾಸರಿ ಒಂದೂಕಾಲು, ಅಂದರೆ ಅದು ನಿಧಾನ. ಎರಡನೆಯದನ್ನು ಮಾನವಾಗಿ ಹಿಡಿದರೆ ಮೊದಲನೆಯದಕ್ಕೂ ಒಂದೂಕಾಲೇ ಬರುತ್ತದೆ! ಪ್ರತಿಯೊಂದೂ ಇನ್ನೊಂದಕ್ಕಿಂತ ನಿಧಾನವೆಂಬ ವಿಚಿತ್ರ. 1988ರಲ್ಲಿ ಯಂತ್ರ ತಯಾರಕರು ಕೂಡಿ ಸ್ಥಾಪಿಸಿದ ಸ್ಪೆಕ್ ಸಂಸ್ಥೆ ಇದನ್ನು ತಪ್ಪಿಸಲು ಗುಣೋತ್ತರ ಸರಾಸರಿಯನ್ನು ಬಳಸಿತು. ಅದರಂತೆ ಇವೆರಡೂ ಸಮ. ಆದರೂ ಅದರ 1989ರ ಹತ್ತು ಪರೀಕ್ಷೆಗಳಲ್ಲೊಂದಾದ ಮ್ಯಾಟ್ರಿಕ್ಸ್300ಕ್ಕೆ ಹೊಂದುವಂತೆ ಕೆಲವರು ತಮ್ಮ ಅನುವಾದಕ ತಂತ್ರಾಂಶವನ್ನೇ ತಿದ್ದಿ ಅಂಕ ಏರಿಸಿಕೊಂಡರು. 1992ರ ಆವೃತ್ತಿಯಲ್ಲಿ ಆ ಪರೀಕ್ಷೆಯನ್ನು ಕೈಬಿಡಬೇಕಾಯಿತು. ಪ್ರಶ್ನೆಪತ್ರಿಕೆ ಮೊದಲೇ ಕಂಡ ವಿದ್ಯಾರ್ಥಿಯ ಅಂಕಕ್ಕೆ ಏನು ಬೆಲೆ?

ಮೇಲಿನ ಯಂತ್ರಗಳ ಒಟ್ಟು ಹೊತ್ತು 50 ಮತ್ತು 40 ನಿಮಿಷ. ಎರಡೂ ಕೆಲಸ ಸಮನಾಗಿ ಇರುವವರಿಗೆ ಎರಡನೆಯದೇ ಮೇಲು. ದಿನವಿಡೀ ಮೊದಲ ಕೆಲಸವನ್ನೇ ಮಾಡುವವರಿಗೆ ಮೊದಲನೆಯದು ಮೇಲು. ಆದುದರಿಂದ ಅಂಗಡಿಗೆ ಹೋಗುವ ಮುನ್ನ ಮನೆಯಲ್ಲಿ ಯಂತ್ರದಿಂದ ಆಗಬೇಕಾದ ಕೆಲಸಗಳನ್ನು ಬರೆದಿಟ್ಟುಕೊಳ್ಳಿರಿ. ಸಾಧ್ಯವಾದರೆ ಮಕ್ಕಳ ಕಡತವನ್ನೇ ಒಯ್ದು ಎರಡರಲ್ಲಿಯೂ ನಡೆಸಿ, ಗಡಿಯಾರ ನೋಡಿರಿ. ಬೆಲೆಯನ್ನೂ ವಿದ್ಯುತ್ತಿನ ಖರ್ಚನ್ನೂ ಅದರ ಪಕ್ಕದಲ್ಲಿ ಬರೆಯಿರಿ. ಪೆಟ್ಟಿಗೆಯ ಮೇಲಿನ ಅಂಕಿಗಿಂತ ಆ ಚೀಟಿಯೇ ಹೆಚ್ಚು ನಂಬಿಕೆಗೆ ಅರ್ಹ.