ಗಾಳಿಯ ಕೆಲಸವೂ ಪ್ರಶ್ನೆಪತ್ರಿಕೆಯ ಘಾತಾಂಕವೂ

ಚಾಮರಾಜನಗರ ಜಿಲ್ಲೆಯ ಕರಿಕಲ್ಲು ನಾಡಿನ ಹೊರಗೂ ಹೆಸರಾದುದು. ಕ್ವಾರಿಗಳಲ್ಲಿ ಆ ಕಲ್ಲನ್ನು ಕೊರೆಯುವ ಜಾಕ್‌ಹ್ಯಾಮರಿಗೆ ಬಲ ಬರುವುದು ಅದುಮಿದ ಗಾಳಿಯಿಂದ. ಡೀಸೆಲ್ ಎಂಜಿನ್ನು ಕಂಪ್ರೆಸರನ್ನು ನಡೆಸುತ್ತದೆ. ಕಂಪ್ರೆಸರು ಗಾಳಿಯನ್ನು ಅದುಮಿ ರಬ್ಬರು ಕೊಳವೆಗೆ ನೂಕುತ್ತದೆ. ಕೊಳವೆಯ ತುದಿಯಲ್ಲಿ ಆ ಗಾಳಿಯೇ ಹ್ಯಾಮರಿನ ಪಿಸ್ಟನ್ನನ್ನು ತಳ್ಳುತ್ತದೆ. ಅನಿಲವು ಹಿಗ್ಗುವಾಗ ಎಷ್ಟು ಕೆಲಸ ಮಾಡೀತು ಎಂಬ ಪ್ರಶ್ನೆಗೆ ಇದಕ್ಕಿಂತ ಸಮೀಪದ ಉದಾಹರಣೆ ಆ ಸೀಮೆಯ ವಿದ್ಯಾರ್ಥಿಗಳಿಗೆ ದೊರೆಯಲಾರದು. ಆದರೆ ಅವರು ಈ ಲೆಕ್ಕವನ್ನು ಕಲಿಯುವುದು ಬಹುಮಟ್ಟಿಗೆ ‘ಘಾತಾಂಕ 1.25 ಆಗಿರಲಿ, ಕೆಲಸವನ್ನು ಕಂಡುಹಿಡಿಯಿರಿ’ ಎಂಬ ಮಾದರಿಯ ಪ್ರಶ್ನೆಗಳಿಂದ. ಈ ‘ಆಗಿರಲಿ’ ಎಂಬ ಪದದ ಹಿಂದೆ ವಿಜ್ಞಾನದ ಮುಖ್ಯಾಂಶವೇ ಮರೆಯಾಗಿಬಿಡುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಈ ಘಾತಾಂಕವೆಂದರೇನು? ಅನಿಲವನ್ನು ಬಹು ನಿಧಾನವಾಗಿ ಅದುಮಿ, ಹುಟ್ಟಿದ ಉಷ್ಣವೆಲ್ಲ ಹೊರಗೆ ಹರಿದುಹೋಗಲು ಬಿಟ್ಟರೆ ಒತ್ತಡ, ಗಾತ್ರಗಳ ಗುಣಲಬ್ಧವು ಬದಲಾಗದು. ಇದು ಸಮೋಷ್ಣ ಪ್ರಕ್ರಿಯೆ. ಇಲ್ಲಿ ಘಾತಾಂಕ 1. ಉಷ್ಣವು ಹೊರಹೋಗಲು ಕಿಂಚಿತ್ತೂ ಎಡೆಯಿಲ್ಲದಿದ್ದರೆ ಅದು ಅಡಿಯಬ್ಯಾಟಿಕ್ ಪ್ರಕ್ರಿಯೆ. ಆಗ ಒತ್ತಡವನ್ನು ಗಾತ್ರದ 1.4ನೆಯ ಘಾತದಿಂದ ಗುಣಿಸಿದರೆ ಬರುವ ಲಬ್ಧವು ಸ್ಥಿರವಾಗಿರುತ್ತದೆ. ನಿಜವಾದ ಯಂತ್ರಗಳು ಸಾಮಾನ್ಯವಾಗಿ ಇವೆರಡರ ನಡುವೆ ಇರುತ್ತವೆ. ಅವುಗಳ ನಡೆಯನ್ನು ಪಾಲಿಟ್ರೋಪಿಕ್ ಎನ್ನುವರು. ಎಂದರೆ ಘಾತಾಂಕವು ಪ್ರಕೃತಿಯು ಕೊಟ್ಟ ನಿಯತಾಂಕವಲ್ಲ. ಯಂತ್ರವು ಎಷ್ಟು ಉಷ್ಣವನ್ನು ಬಿಟ್ಟುಕೊಟ್ಟಿತು ಎಂಬುದರ ಸಾಕ್ಷಿ. ಸಾಕ್ಷಿಯನ್ನು ವಿಚಾರಿಸಬೇಕು, ಊಹಿಸಬಾರದು. 1687ರಲ್ಲಿ ನ್ಯೂಟನ್ ಮಹಾಶಯನೇ ಶಬ್ದದ ವೇಗವನ್ನು ಲೆಕ್ಕಹಾಕುವಾಗ ಗಾಳಿಯ ನಡೆಯನ್ನು ಸಮೋಷ್ಣದಂತೆ ಎಣಿಸಿದ್ದರಿಂದ ಆ ಸೂತ್ರವು ಕೊಡುವ ವೇಗವು ವಾಸ್ತವಕ್ಕಿಂತ ಶೇಕಡ 15ರಷ್ಟು ಕಡಿಮೆಯಾಯಿತು. ಅದನ್ನು ಸರಿಪಡಿಸಿದ ಲಾಪ್ಲಾಸನ ವಿವರಣೆ ಪ್ರಕಟವಾದದ್ದು 1816ರಲ್ಲಿ.

ಈಗ ಒಂದು ಲೆಕ್ಕವನ್ನು ನೋಡೋಣ. ಗುಂಡ್ಲುಪೇಟೆಯು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಅಲ್ಲಿ ವಾಯುಮಂಡಲದ ಒತ್ತಡ ಸುಮಾರು 0.92 ಬಾರ್; ಪುಸ್ತಕದ 1.013 ಅಲ್ಲ. ಕಂಪ್ರೆಸರು 27 ಡಿಗ್ರಿ ಸೆಲ್ಸಿಯಸ್ಸಿನ ಗಾಳಿಯನ್ನು ಒಳಗೆಳೆದು 7 ಬಾರ್ ಒತ್ತಡಕ್ಕೆ ಅದುಮಿತೆಂದೂ ಹೊರಬರುವ ಗಾಳಿ 177 ಡಿಗ್ರಿಗೆ ಕಾದಿತ್ತೆಂದೂ ಇಟ್ಟುಕೊಳ್ಳೋಣ. ಕೆಲ್ವಿನ್ ಮಾನದಲ್ಲಿ ಇವು 300 ಮತ್ತು 450; ಅನುಪಾತ 1.5. ಒತ್ತಡಗಳ ಅನುಪಾತ 7.6. ಮೊದಲನೆಯದರ ಲಾಗರಿತಮನ್ನು ಎರಡನೆಯದರ ಲಾಗರಿತಮಿನಿಂದ ಭಾಗಿಸಿದರೆ 0.2. ಇದನ್ನು 1ರಿಂದ ಕಳೆದು, ಉಳಿದ 0.8ರಿಂದ 1ನ್ನು ಭಾಗಿಸಿದರೆ ಘಾತಾಂಕ 1.25. ಪ್ರಶ್ನೆಪತ್ರಿಕೆಯು ದಾನವಾಗಿ ಕೊಟ್ಟ ಅಂಕಿಯನ್ನು ನಾವೇ ಸಂಪಾದಿಸಿದಂತಾಯಿತು!

ಇದರಿಂದ ಏನು ಲಾಭ? ಹೊರಗಿನ ಒಂದು ಘನಮೀಟರ್ ಗಾಳಿಯನ್ನು ಹೀಗೆ ಅದುಮಿ ಸಾಗಿಸಲು 230 ಕಿಲೋಜೂಲ್ ಕೆಲಸ ಬೇಕು. ಸಮೋಷ್ಣವಾಗಿ ಅದುಮಿದ್ದರೆ 187 ಸಾಕಾಗುತ್ತಿತ್ತು. ಎರಡು ಹಂತಗಳಲ್ಲಿ ಅದುಮಿ ನಡುವೆ ಗಾಳಿಯನ್ನು ಪೂರ್ತಿ ತಣಿಸಿದರೆ 207 ಸಾಕು. ಶೇಕಡ 10ರಷ್ಟು ಉಳಿತಾಯ. ಇನ್ನು ಕೊಳವೆಯಲ್ಲಿ ಗಾಳಿಯು ತಣ್ಣಗಾಗಿ ಮತ್ತೆ 27 ಡಿಗ್ರಿಗೆ ಬಂದಿತೆನ್ನೋಣ. ಅದು ಹೊರಗಿನ ಒತ್ತಡಕ್ಕೆ ಇಳಿಯುವವರೆಗೆ ಅದೇ ಘಾತಾಂಕದಲ್ಲಿ ಹಿಗ್ಗಿದರೆ ಸುಮಾರು 153 ಕಿಲೋಜೂಲ್ ಕೆಲಸ ದೊರೆಯುವುದು. ಆದರೆ ಹಾಗೆ ಹಿಗ್ಗಿದ ಗಾಳಿಯ ಉಷ್ಣತೆ ಸೊನ್ನೆಗಿಂತ 73 ಡಿಗ್ರಿ ಕೆಳಗಿಳಿದು, ಅದರ ತೇವವು ಮಂಜುಗಡ್ಡೆಯಾಗಿ ದ್ವಾರಗಳನ್ನು ಮುಚ್ಚಬಹುದು. ಮೇಲಾಗಿ ಹ್ಯಾಮರಿಗೆ ಬೇಕಾದುದು ಬಿರುಸಾದ ಹೊಡೆತ. ಆದಕಾರಣ ಅಲ್ಲಿ ಗಾಳಿಗೆ ಹಿಗ್ಗಲು ಅವಕಾಶ ಅಲ್ಪ. ಪೂರ್ಣ ಒತ್ತಡದಲ್ಲಿಯೇ ಪಿಸ್ಟನ್ನನ್ನು ಕೊನೆಯವರೆಗೆ ತಳ್ಳಿ ಹೊರಬಿದ್ದರೆ ದೊರೆಯುವುದು 80 ಕಿಲೋಜೂಲ್ ಮಾತ್ರ. ಕೊಟ್ಟದ್ದು 230, ಪಡೆದದ್ದು 80! ಕೊಳವೆಯ ಸೋರಿಕೆ, ಘರ್ಷಣೆಗಳನ್ನು ನಾವಿನ್ನೂ ಗಣನೆಗೆ ತೆಗೆದುಕೊಂಡಿಲ್ಲ. ಜಾಕ್‌ಹ್ಯಾಮರಿನ ಬುಸುಗುಟ್ಟುವಿಕೆಯಲ್ಲಿ ಹಾರಿಹೋಗುವುದು ಡೀಸೆಲ್ಲಿಗೆ ತೆತ್ತ ಹಣವೇ.

ಪಾಠದ ಅವಧಿ ಕಿರಿದು, ಪರೀಕ್ಷೆ ಸಮೀಪ, ಅಳೆಯುತ್ತ ಕುಳಿತರೆ ಪಾಠ ಮುಗಿಯುವುದೆಂತು ಎಂದು ಉಪಾಧ್ಯಾಯರು ಕೇಳಬಹುದು. ಈ ಆಕ್ಷೇಪವು ನ್ಯಾಯವಾದುದೇ. ಆದರೆ ಬೇಕಾದುದು ಒಂದು ಮಧ್ಯಾಹ್ನ, ಒಂದು ಒತ್ತಡಮಾಪಕ, ಒಂದು ತಾಪಮಾಪಕ. ವಿದ್ಯಾರ್ಥಿಗಳನ್ನು ಕಲ್ಲು ಕೊರೆಯುವ ಧೂಳಿಗೆ ಒಯ್ಯುವುದು ಬೇಡ, ಒಯ್ಯಲೂಬಾರದು. ಊಟಿಗೂ ವಯನಾಡಿಗೂ ದಾರಿ ಕವಲೊಡೆಯುವ ಗುಂಡ್ಲುಪೇಟೆಯ ಪಂಕ್ಚರ್ ಅಂಗಡಿಯ ಕಂಪ್ರೆಸರೂ ಇದೇ ಪಾಠವನ್ನು ಹೇಳಬಲ್ಲದು. ಉಪಾಧ್ಯಾಯರ ಸಮ್ಮುಖದಲ್ಲಿ, ಕಾದ ಭಾಗಗಳನ್ನು ಮುಟ್ಟದೆ ಅಳೆದರಾಯಿತು. ಒಂದು ಎಚ್ಚರಿಕೆಯ ಮಾತು: ಮಾಪಕವು ತೋರಿಸುವುದು ಹೊರಗಿನ ಒತ್ತಡಕ್ಕಿಂತ ಹೆಚ್ಚಾದ ಅಂಶವನ್ನಷ್ಟೆ, ಅದಕ್ಕೆ ಆ ಊರಿನ 0.92 ಬಾರನ್ನು ಕೂಡಿಸಲು ಮರೆಯಬಾರದು.

ಚಾಮರಾಜನಗರದಲ್ಲಿ ಇಂದು ಎಂಜಿನಿಯರಿಂಗ್ ಕಾಲೇಜೂ ಇದೆ, ಕ್ವಾರಿಯೂ ಇದೆ. ಒಂದರ ಲೆಕ್ಕ ಇನ್ನೊಂದರ ಖರ್ಚನ್ನು ತಗ್ಗಿಸುವಂತಾಗಬೇಕು. ಅಳೆದ ಘಾತಾಂಕವು ಪುಸ್ತಕದ್ದಕ್ಕೆ ಹೊಂದದೆ ಹೋದರೆ ವಿದ್ಯಾರ್ಥಿಯು ಅಂಜಬೇಕಾಗಿಲ್ಲ. ಹೊಂದಲಿಲ್ಲವೇಕೆ ಎಂದು ಕೇಳಿದ ಗಳಿಗೆಯಲ್ಲಿಯೇ ಅವನ ನಿಜವಾದ ಕಲಿಕೆ ಮೊದಲಾಗುತ್ತದೆ.